ಕ್ಷಮಿಸಿದವರ ಭಯ

ಗಣಿ ಶಿಬಿರ, ಉತ್ತರ ಮ್ಯಾನಿಟೋಬಾ
೧೪ ಅಕ್ಟೋಬರ್ ೧೯೬೨

ಅಪ್ಪನಿಗೆ,

ಇಷ್ಟು ವರ್ಷ ಕ್ರಿಸ್‌ಮಸ್ ಕಾರ್ಡಿನಲ್ಲಿ ಹೆಸರು ಬರೆದು ಕಳಿಸಿದ್ದು ಬಿಟ್ಟರೆ ನಾನು ನಿಮಗೆ ಪತ್ರ ಬರೆದವಳಲ್ಲ. ಈಗ ಬರೆಯುತ್ತಿರುವುದು ಒಂದು ಕೆಲಸಕ್ಕಾಗಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನಗೆ ಇಲ್ಲಿ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ. ಇನ್ನೂರು ಜನ ಗಂಡಸರಿಗೆ ಮೂರು ಹೊತ್ತು ಬೇಯಿಸಬೇಕು. ಶಿಬಿರದಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ಲೋವಾಳನ್ನು ವಿನ್ನಿಪೆಗ್‌ನಲ್ಲಿ ನಮ್ಮ ಬಾಡಿಗೆ ಮನೆಯ ಒಡತಿಯ ಹತ್ತಿರ ಬಿಟ್ಟು ಬಂದಿದ್ದೆ. ಆಕೆ ಈ ತಿಂಗಳ ಕೊನೆಗೆ ಮಗನ ಊರಿಗೆ ಹೊರಟುಹೋಗುತ್ತಾಳೆ. ಬೇಸಿಗೆಯವರೆಗೆ ಲೋವಾ ನಿಮ್ಮಲ್ಲಿ ಇರಬಹುದೇ? ಅವಳಿಗೆ ಹದಿಮೂರು. ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಾಳೆ. ಬಹಳ ಮಾತಾಡುತ್ತಾಳೆ. ಮೀನು ತಿನ್ನುವುದಿಲ್ಲ, ಮೀನುಗಾರನ ಮನೆಯಲ್ಲಿ ಅದು ನಿಮ್ಮ ಪಾಡು.

ಒಂದು ಷರತ್ತು ಇದೆ. ವಿನ್ನಿಪೆಗ್‌ನಲ್ಲಿ ನೆರೆಯ ಚರ್ಚಿನ ಭಾನುವಾರದ ಶಾಲೆಯಲ್ಲಿ ಅವಳಿಗೆ ದೇವರು ಪ್ರೀತಿಸುತ್ತಾನೆ ಎಂದು ಕಲಿಸಿದ್ದಾರೆ. ಅದಕ್ಕೆ ನನ್ನ ತಕರಾರಿಲ್ಲ. ನಮ್ಮ ಊರು ಸಾಂದ್‌ವಿಕ್‌ನಲ್ಲಿ ಅದರ ಜೊತೆಗೆ ಇನ್ನೊಂದನ್ನು ಕಲಿಸುತ್ತಾರೆ. ದೇವರಿಗೆ ಅಂಜು, ದೇವರಿಗೆ ಅಂಜು ಎಂದು ಕೇಳುತ್ತಲೇ ನಾನು ಬೆಳೆದೆ. ನನ್ನ ಮಗಳಿಗೆ ಬೇಕಾದರೆ ದೇವರಿರಲಿ, ದೇವರ ಭಯ ಬೇಡ. ನಿಮ್ಮ ಬಾಯಿಂದ ಆ ಮಾತು ಅವಳ ಕಿವಿಗೆ ಬೀಳಬಾರದು. ಒಪ್ಪಿಗೆಯಿದ್ದರೆ ತಿಳಿಸಿ, ಬಸ್ಸಿಗೆ ಹತ್ತಿಸುವ ವ್ಯವಸ್ಥೆ ಮಾಡುತ್ತೇನೆ.

ಥೋರ್ದಿಸ್


ಸಾಂದ್‌ವಿಕ್
೪ ನವೆಂಬರ್ ೧೯೬೨

ಥೋರ್ದಿಸ್,

ಹುಡುಗಿ ತಲುಪಿದಳು. ದಾರಿ ಕೆಸರಾಗಿದ್ದರಿಂದ ಬಸ್ಸು ತಡವಾಯಿತು. ಇಳಿದವಳೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನು ಇನ್ನೂ ಎತ್ತರ ಇರ್ತೀಯ ಅಂದ್ಕೊಂಡಿದ್ದೆ ಅಜ್ಜ" ಎಂದಳು. "ಇದ್ದೆ, ಸವೆದುಹೋದೆ" ಎಂದೆ. ಅಲ್ಲಿಂದ ಮನೆ ಸೇರುವವರೆಗೆ ಅವಳೇ ಮಾತಾಡಿದಳು.

ನಿನ್ನ ಕೋಣೆಯನ್ನೇ ಕೊಟ್ಟಿದ್ದೇನೆ. ಮೀನಿನ ವಿಷಯ: ಬೆಣ್ಣೆ ಹಚ್ಚಿದ ಒಣಮೀನು ಕೈಗೆ ಕೊಟ್ಟೆ. ಮೂಸಿ ನೋಡಿ, "ಅಜ್ಜ, ಇದು ಚಪ್ಪಲಿ" ಎಂದಳು. ಈಗ ಚಪ್ಪಲಿ ಕೇಳಿ ತಿನ್ನುತ್ತಾಳೆ.

ಪಕ್ಕದ ಮನೆಯ ರಾನ್ವೇಗ್ ನಿನಗೆ ನೆನಪಿರಬೇಕು. ಗಂಡ ತೀರಿಹೋದ. ಎರಡು ಕಣ್ಣೂ ಹೆಚ್ಚುಕಡಿಮೆ ಹೋಗಿವೆ. ಕೋಲುರ್ ಎಂಬ ಕರಿ ನಾಯಿಯೊಂದಿದೆ. ಅದರ ಕೊರಳಪಟ್ಟಿ ಹಿಡಿದುಕೊಂಡು ಅಂಗಡಿಗೆ, ಚರ್ಚಿಗೆ, ನಮ್ಮ ಮನೆಗೆ ಬರುತ್ತಾಳೆ. ಲೋವಾ ದಿನವೂ ಅವಳಿಗೆ ಪತ್ರಿಕೆ ಓದಿ ಹೇಳಲು ಹೋಗುತ್ತಾಳೆ. ಹಲ್ಲಿನ ನಡುವೆ ಸಕ್ಕರೆ ಹರಳು ಕಚ್ಚಿಕೊಂಡು ಕಾಫಿ ಕುಡಿಯುವುದನ್ನು ರಾನ್ವೇಗ್ ಅವಳಿಗೆ ಕಲಿಸಿದ್ದಾಳೆ.

ನಿನ್ನ ಷರತ್ತಿಗೆ ಒಪ್ಪಿದ್ದೇನೆ. ಒಂದು ತೊಡಕಿದೆ. ಈ ವಯಸ್ಸಿನ ಮಕ್ಕಳೆಲ್ಲ ಶನಿವಾರ ಪಾದ್ರಿ ಅಯ್ಯನವರ ಬಳಿ, ಚರ್ಚಿನ ರೊಟ್ಟಿ ದ್ರಾಕ್ಷಾರಸಕ್ಕೆ ಅರ್ಹರಾಗುವ ದೃಢೀಕರಣದ ಪಾಠಕ್ಕೆ ಹೋಗುತ್ತಾರೆ. ಇವಳೂ ತಾನಾಗಿ ಅವರ ಹಿಂದೆ ಹೋದಳು. ಮೊದಲನೆಯ ದಿನವೇ ಕೈಯೆತ್ತಿ, "ಪ್ರೀತಿ ಮಾಡೋರಿಗೆ ಯಾಕೆ ಹೆದರಬೇಕು ಅಯ್ಯನವರೇ?" ಎಂದು ಕೇಳಿದಳಂತೆ. ಮಕ್ಕಳೆಲ್ಲ ನಕ್ಕರಂತೆ. ಮನೆಗೆ ಬಂದು ನನ್ನನ್ನು ಕೇಳಿದಳು. "ನಿಮ್ಮಮ್ಮನ್ನ ಕೇಳು" ಎಂದೆ. ಈಗ ನೀನು ಉತ್ತರ ಕೊಡಬೇಕು. ಪಾಠಕ್ಕೆ ಹೋಗುವುದು ಬೇಡವೆಂದರೆ ಅದನ್ನೂ ಬರೆ.

ಅಪ್ಪ


ಗಣಿ ಶಿಬಿರ
೨೯ ನವೆಂಬರ್ ೧೯೬೨

ಅಪ್ಪನಿಗೆ,

ಪಾಠಕ್ಕೆ ಹೋಗಲಿ. ತಡೆದರೆ ಇನ್ನೂ ಹೆಚ್ಚು ಹೋಗುತ್ತಾಳೆ, ನನ್ನ ಮಗಳಲ್ಲವೇ.

ಅವಳ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಹೆದರಬೇಕಾಗಿಲ್ಲ. ಪ್ರೀತಿಸುವವರಿಗೆ ಹೆದರಬೇಕಾಗಿ ಬಂದರೆ ಅಲ್ಲಿ ಪ್ರೀತಿ ಇಲ್ಲವೆಂದೇ ಅರ್ಥ. ಇದನ್ನು ಅವಳಿಗೆ ಓದಿ ಹೇಳಿ, ಮೇಲೆ ನಿಮ್ಮದೇನನ್ನೂ ಸೇರಿಸಬೇಡಿ.

ಇಲ್ಲಿ ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಮಂಜುಗಡ್ಡೆಯಾಗುತ್ತದೆ. ಅಡುಗೆಮನೆ ಮಾತ್ರ ಬೆಚ್ಚಗಿದೆ. ಅವಳಿಗೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ.

ಥೋರ್ದಿಸ್


ಸಾಂದ್‌ವಿಕ್
೧೩ ಜನವರಿ ೧೯೬೩

ಥೋರ್ದಿಸ್,

ನಿನ್ನ ಉತ್ತರವನ್ನು ಓದಿ ಹೇಳಿದೆ. "ನಾನೂ ಅದನ್ನೇ ಹೇಳಿದ್ದು" ಎಂದಳು. ಮುಂದಿನ ಶನಿವಾರ ಅಯ್ಯನವರಿಗೂ ಹೇಳಿದಳಂತೆ. ಅವರು ನನ್ನನ್ನು ಅಂಗಡಿಯಲ್ಲಿ ಕಂಡು, "ಇಂಗೋಲ್ಫುರ್, ನಿನ್ನ ಮೊಮ್ಮಗಳು ನನಗೆ ಪಾಠ ಮಾಡ್ತಾಳೆ ಮಾರಾಯ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ.

ಸರೋವರ ಹೆಪ್ಪುಗಟ್ಟಿದೆ. ತಿಂಗಳಿನಿಂದ ಮಂಜುಗಡ್ಡೆಯಲ್ಲಿ ತೂತು ಕೊರೆದು ಬಲೆ ಇಳಿಸುತ್ತಿದ್ದೇವೆ. ರಜೆಯ ದಿನ ಲೋವಾ ನನ್ನ ಜೊತೆ ಮಂಜುಗಡ್ಡೆಯ ಮೇಲೆ ಬರುತ್ತಾಳೆ. ದಾರಿಗೆ ಸ್ಪ್ರೂಸ್ ಮರದ ಕೊಂಬೆಗಳನ್ನು ನೆಟ್ಟು ಗುರುತು ಮಾಡಿರುತ್ತೇವಲ್ಲ, ಅದನ್ನು ದಾಟಿ ಹೋಗಬಾರದೆಂದು ಮೊದಲ ದಿನವೇ ಹೇಳಿದ್ದೇನೆ. ಅಲ್ಲಿ ಗಡ್ಡೆ ಬಿರಿದು, ಬಿರುಕಿನ ಮೇಲೆ ಹೊಸ ಗಡ್ಡೆ ತೆಳ್ಳಗೆ ಕಟ್ಟಿರುತ್ತದೆ. ನೋಡುವುದಕ್ಕೆ ಎಲ್ಲ ಒಂದೇ ಬಿಳಿ.

ಒಂದು ದಿನ ಬಲೆ ಎಳೆಯುವಾಗ ಅವಳು ಕೇಳಿದಳು, "ಅಜ್ಜ, ನಿಂಗೆ ಇಲ್ಲಿ ಹೆದರಿಕೆ ಆಗಲ್ವಾ?"

"ಆಗುತ್ತೆ. ಐವತ್ತು ವರ್ಷದಿಂದ ಆಗ್ತಾನೇ ಇದೆ."

"ಮತ್ತೆ ಯಾಕೆ ಬರ್ತೀಯ?"

"ಇಷ್ಟ ಅದಕ್ಕೆ."

ಹೇಳಿದ ಮೇಲೆ ನನಗೇ ಅನ್ನಿಸಿತು, ಕೊಟ್ಟ ಮಾತಿನ ಅಂಚಿನವರೆಗೆ ಹೋಗಿಬಿಟ್ಟೆನಲ್ಲ ಎಂದು. ಅವಳಿಗೂ ಹೊಳೆಯಿತು. ಬಲೆಯ ಹಗ್ಗ ಬಿಟ್ಟು ನಿಂತುಕೊಂಡಳು. "ಅಜ್ಜ, ಜಾಣತನ ಮಾಡ್ಬೇಡ. ಸರೋವರ ನಿನ್ನನ್ನ ಪ್ರೀತಿ ಮಾಡಲ್ಲ. ಅದಕ್ಕೆ ನೀನು ಯಾರು ಅಂತಾನೇ ಗೊತ್ತಿಲ್ಲ. ಅದಕ್ಕೂ ದೇವರಿಗೂ ಸಂಬಂಧ ಇಲ್ಲ" ಎಂದಳು. ನಾನು ಬಲೆಯಿಂದ ಮೀನು ಬಿಡಿಸಿದೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆಗಿನಿಂದ ಈ ವಿಷಯ ನಮ್ಮಲ್ಲಿ ಎದ್ದಿಲ್ಲ.

ಕಾಲುಚೀಲ ಸರಿಯಾಗಿದೆ. ಅವಳು ಬೆಳೆಯುತ್ತಿದ್ದಾಳೆ, ಮುಂದಿನದು ಒಂದು ಅಳತೆ ದೊಡ್ಡದಿರಲಿ.

ಅಪ್ಪ


ಸಾಂದ್‌ವಿಕ್
೨೪ ಮಾರ್ಚ್ ೧೯೬೩

ಥೋರ್ದಿಸ್,

ನೀನು ಗಾಬರಿಪಡಬೇಡ, ಲೋವಾಗೆ ಏನೂ ಆಗಿಲ್ಲ. ರಾನ್ವೇಗ್‌ಳ ನಾಯಿ ಸತ್ತಿದೆ.

ಲೋವಾ ಅದನ್ನು ಓಡಾಡಿಸಲು ಕರೆದುಕೊಂಡು ಹೋಗಿದ್ದಳು. ಹತ್ತಿರದಲ್ಲೇ ಇರು ಎಂದು ರಾನ್ವೇಗ್ ಹೇಳಿದ್ದಳು. ಇವಳು ಕೊಂಬೆಗಳ ಗುರುತು ದಾಟಿ, ಆಟಕ್ಕೆಂದು ಬಿರುಕಿನ ಆಚೆಗೆ ಕೋಲು ಎಸೆದಳು. ನಾಯಿ ಹಾರಿತು. ತೆಳು ಗಡ್ಡೆ ಒಡೆಯಿತು. ಹೊಟ್ಟೆಯ ಮೇಲೆ ಮಲಗಿ ಕೈಚಾಚಿದಳಂತೆ, ಸಿಗಲಿಲ್ಲ. ಮೊಣಕೈಯವರೆಗೆ ಒದ್ದೆಯಾಗಿ ಮನೆಗೆ ಬಂದಳು. ನಾನು ಕೈ ಒರೆಸಿ ಒಲೆಯ ಪಕ್ಕ ಕೂರಿಸಿದೆ. ಸ್ವಲ್ಪ ಅತ್ತಳು. ಆಮೇಲೆ ಊಟಕ್ಕೆ ಕುಳಿತಳು. ನಾನು ಈ ಪತ್ರ ಬರೆಯುತ್ತಿರುವುದು ಊಟದ ಹೊತ್ತಿನಲ್ಲಿ ಆದ ಮಾತಿಗಾಗಿ.

"ದೇವರ ಹತ್ರ ಕೇಳ್ಕೊಂಡೆ ಅಜ್ಜ. ಕ್ಷಮಿಸಿದ್ದಾನೆ" ಎಂದಳು.

"ಇಷ್ಟು ಬೇಗ?"

"ಅವನು ಯಾವಾಗ್ಲೂ ಕ್ಷಮಿಸ್ತಾನೆ. ಅದೇ ಅಲ್ವಾ ಅವನ ಕೆಲಸ."

"ರಾನ್ವೇಗ್ ಅಜ್ಜಿಗೆ ಹೇಳಿದ್ಯಾ?"

"ಅವರಿಗ್ಯಾಕೆ? ಓಡಿಹೋಯ್ತು ಅಂದ್ಕೊಳ್ತಾರೆ. ಸುಮ್ನೆ ಬೇಜಾರು ಮಾಡಿಸೋದು ಯಾಕೆ."

ಅಷ್ಟರಲ್ಲಿ ಹೊರಗೆ ರಾನ್ವೇಗ್ ತನ್ನ ಬಾಗಿಲಲ್ಲಿ ನಿಂತು, "ಕೋಲುರ್, ಬಾರೋ, ಕೋಲುರ್" ಎಂದು ಕೂಗತೊಡಗಿದಳು. ನಮ್ಮ ಅಡುಗೆಮನೆಗೆ ಚೆನ್ನಾಗಿ ಕೇಳಿಸುತ್ತದೆ. ಲೋವಾ ಆಲೂಗಡ್ಡೆಗೆ ಉಪ್ಪು ಹಾಕಿಕೊಂಡು ತಿನ್ನುತ್ತಾ ಇದ್ದಳು.

ಅವಳು ಕೆಟ್ಟವಳಲ್ಲ. ಅವಳಿಗೆ ಹೇಳಿಕೊಟ್ಟಿದ್ದನ್ನೇ ಅವಳು ಹೇಳಿದ್ದು. ನನಗೆ ಹೇಳಬೇಕೆನಿಸಿದ ಒಂದೇ ಒಂದು ಮಾತನ್ನು ಹೇಳುವುದಿಲ್ಲವೆಂದು ನಿನಗೆ ಮಾತು ಕೊಟ್ಟಿದ್ದೇನೆ. "ನೀನೇ ಹೋಗಿ ಅಜ್ಜಿಗೆ ಹೇಳಬೇಕು" ಎಂದಷ್ಟು ಹೇಳಿದೆ. "ನೋಡೋಣ" ಎಂದಳು. ಬೇರೆ ಏನಾದರೂ ಹೇಳಬೇಕಿದ್ದರೆ ನೀನು ಬರೆ.

ಅಪ್ಪ


ಗಣಿ ಶಿಬಿರ
೨ ಏಪ್ರಿಲ್ ೧೯೬೩

ಅಪ್ಪನಿಗೆ,

ಅವಳು ಮಗು. ಸತ್ತದ್ದು ನಾಯಿ. ಮಗಳು ಬದುಕಿ ಬಂದಳಲ್ಲ ಎಂದು ನಾನು ಒಲೆಯ ಮುಂದೆ ನಿಂತು ನಡುಗಿದೆ, ನೀವು ಅವಳ ಆತ್ಮದ ಲೆಕ್ಕ ನೋಡುತ್ತಿದ್ದೀರಿ.

ರಾನ್ವೇಗ್‌ಳಿಗೆ ನೀವೇ ಹೇಳಿ. ಲೋವಾಳನ್ನು ಆ ಮುದುಕಿಯ ಎದುರು ತಲೆತಗ್ಗಿಸಿ ನಿಲ್ಲಿಸಬೇಡಿ. ಹಾಗೆ ನಿಂತವಳು ಆಮೇಲೆ ಎಲ್ಲೂ ತಲೆಯೆತ್ತಿ ನಿಲ್ಲುವುದಿಲ್ಲ. ಅದು ನನಗೆ ಗೊತ್ತು.

ಥೋರ್ದಿಸ್


ಸಾಂದ್‌ವಿಕ್
೯ ಏಪ್ರಿಲ್ ೧೯೬೩

ಥೋರ್ದಿಸ್,

ನಿನ್ನ ಪತ್ರ ಬರುವಷ್ಟರಲ್ಲಿ ಅವಳು ಹೇಳಿಯಾಗಿತ್ತು. ನಾನು ಒತ್ತಾಯ ಮಾಡಲಿಲ್ಲ. ಏನು ನಡೆಯಿತೋ ಅದನ್ನು ಬರೆಯುತ್ತೇನೆ, ನೀನೇ ತೂಗಿ ನೋಡು.

ರಾನ್ವೇಗ್ ದಿನವೂ ಕತ್ತಲಾಗುವ ಮುಂಚೆ ಬಾಗಿಲಿಗೆ ಬಂದು ನಾಯಿಯನ್ನು ಕರೆಯುತ್ತಿದ್ದಳು. ಲೋವಾ ಮೊದಮೊದಲು ಜೋರಾಗಿ ಮಾತಾಡಿ ಆ ದನಿಯನ್ನು ಮುಚ್ಚುತ್ತಿದ್ದಳು. ಆಮೇಲೆ ರೇಡಿಯೋ ಹಾಕತೊಡಗಿದಳು. ಪತ್ರಿಕೆ ಓದಲು ಹೋಗುವುದನ್ನು ಬಿಟ್ಟಳು. "ನೆಗಡಿ" ಎಂದಳು. ಒಂದು ದಿನ ರೇಡಿಯೋ ಹಾಕಲಿಲ್ಲ, ಮಾತೂ ಆಡಲಿಲ್ಲ. ಚಮಚ ಕೆಳಗಿಟ್ಟು, "ಅಜ್ಜ, ಜೊತೆಗೆ ಬರ್ತೀಯಾ?" ಎಂದಳು. ಹೋದೆ. ಸೌದೆ ರಾಶಿಯ ಹತ್ತಿರ ನಿಂತುಕೊಂಡೆ. ಬಾಗಿಲು ತೆರೆದೇ ಇತ್ತು.

ಲೋವಾ ಎಲ್ಲವನ್ನೂ ಹೇಳಿದಳು. ಕೋಲು ಎಸೆದದ್ದನ್ನೂ ಬಿಡಲಿಲ್ಲ.

"ಗೊತ್ತು ಮಗೂ" ಎಂದಳು ರಾನ್ವೇಗ್. "ಅವನು ಊಟದ ಹೊತ್ತು ತಪ್ಪಿಸೋನಲ್ಲ. ಮೊದಲನೇ ದಿನವೇ ಗೊತ್ತಾಯ್ತು."

"ಮತ್ತೆ ದಿನಾ ಯಾಕೆ ಕರೀತಿದ್ರಿ?"

"ಅವನನ್ನ ಕರೀತಿರ್ಲಿಲ್ಲ. ನಿನ್ನನ್ನ ಕರೀತಿದ್ದೆ. ನಿನ್ನ ಹೆಸರು ಹಿಡಿದು ಕೂಗಿದ್ರೆ ನೀನು ಬರ್ತಿರ್ಲಿಲ್ಲ."

ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ರಾನ್ವೇಗ್, "ಕೈ ಕೊಡು, ನೋಡ್ತೀನಿ. ನೀರಲ್ಲಿ ಹಿಡಿದಿದ್ದ ಕೈ ಇದೇನಾ? ಹೆಪ್ಪುಗಟ್ಟಿಲ್ವಲ್ಲ, ಸದ್ಯ. ಕೂತ್ಕೋ, ಕಾಫಿ ಬಿಸಿ ಇದೆ. ನನಗೆ ನಿನ್ನ ಮೇಲೆ ಏನೂ ಇಲ್ಲ" ಎಂದಳು. ಅವಳ ದನಿಯಲ್ಲೂ ಸಿಟ್ಟಿನ ಸುಳಿವು ಇರಲಿಲ್ಲ. ನಾನು ಕಿವಿಗೊಟ್ಟು ಕೇಳಿದೆ.

ವಾಪಸು ಬರುವಾಗ ಲೋವಾ ಬೇಲಿಯ ಹತ್ತಿರ ಕುಡಿದ ಕಾಫಿಯನ್ನೆಲ್ಲ ಕಾರಿಕೊಂಡಳು. ಮುಖ ಒರೆಸಿದೆ.

"ಬೈದಿದ್ರೆ ಚೆನ್ನಾಗಿತ್ತು ಅಜ್ಜ. ಬೈಸ್ಕೊಳ್ಳೋಕೆ ರೆಡಿಯಾಗಿ ಹೋಗಿದ್ದೆ."

"ಹೂಂ."

"ಈಗ ದೇವರ ಹತ್ರ ಮಾತಾಡೋಕೂ ಹೆದರಿಕೆ ಆಗ್ತಿದೆ."

"ಶಿಕ್ಷೆ ಕೊಡ್ತಾನೆ ಅಂತಲಾ?"

"ಅಲ್ಲ. ಅವನೂ ಹೀಗೇ ಕ್ಷಮಿಸಿರೋದಾ ಅಂತ. ಕ್ಷಮಿಸೋರಿಗೆ ಅದು ಸುಮ್ನೆ ಬರುತ್ತೆ, ಏನೂ ಕಳ್ಕೊಳ್ಳಲ್ಲ ಅಂದ್ಕೊಂಡಿದ್ದೆ."

ಅವಳ ಕೈ ಹಿಡಿದು ಮನೆಗೆ ಕರೆತಂದೆ. ನಿನಗೆ ಕೊಟ್ಟ ಮಾತು ನೆನಪಿತ್ತು. 

ಮರುದಿನದಿಂದ ಲೋವಾ ಶಾಲೆಗೆ ಹೋಗುವ ಮುಂಚೆ ರಾನ್ವೇಗ್‌ಳ ಮನೆಗೆ ಹೋಗುತ್ತಾಳೆ. ಅಂಗಡಿಗೆ, ಬಾವಿಗೆ ಕೈಹಿಡಿದು ಕರೆದೊಯ್ಯುತ್ತಾಳೆ. ಯಾರೂ ಹೇಳಿದ್ದಲ್ಲ. ಕಲ್ಲು, ಮೆಟ್ಟಿಲು ಬಂದಾಗ ಅವಳು ನಡೆಯುವುದನ್ನು ನೋಡಬೇಕು. ತುಂಬಿದ ಹಾಲಿನ ಪಾತ್ರೆ ಹಿಡಿದವಳ ಹಾಗೆ ನಡೆಯುತ್ತಾಳೆ. ನೀನು ಹೇಳಿದ ಹಾಗೆ ತಲೆ ತಗ್ಗಿಸಿದ್ದಾಳೆಯೇ ಎಂದು ಗಮನಿಸಿದೆ. ಇಲ್ಲ, ದಾರಿ ನೋಡುತ್ತಿರುತ್ತಾಳೆ ಅಷ್ಟೆ.

ಅಪ್ಪ


ಗಣಿ ಶಿಬಿರ
೨೨ ಏಪ್ರಿಲ್ ೧೯೬೩

ಅಪ್ಪನಿಗೆ,

ಅಂತೂ ನೀವು ಗೆದ್ದಿರಿ. ಒಂದು ಮಾತೂ ಆಡದೆ ಅವಳಿಗೆ ಭಯ ಕಲಿಸಿದಿರಿ. ಮಾತಾಡದೆಯೇ ಎಲ್ಲವನ್ನೂ ಮಾಡಿ ಮುಗಿಸುವುದು ನಿಮಗೆ ಮೊದಲಿನಿಂದಲೂ ಬರುತ್ತದೆ.

ವಿನ್ನಿಪೆಗ್‌ನಲ್ಲಿ ನನ್ನ ಪರಿಚಯದ ಒಬ್ಬಾಕೆ ಲೋವಾಳನ್ನು ಇಟ್ಟುಕೊಳ್ಳಲು ಒಪ್ಪಿದ್ದಾಳೆ. ಈ ಪತ್ರ ಮುಟ್ಟಿದ ವಾರದಲ್ಲೇ ಅವಳನ್ನು ಬಸ್ಸಿಗೆ ಹತ್ತಿಸಿ.

ಇಷ್ಟು ಬರೆದು ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದಿದ್ದೇನೆ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳು ಹೇಳಿದ ಮಾತನ್ನು ಬರೆದಿದ್ದೀರಲ್ಲ, ಅದನ್ನು ಓದಿ ಪತ್ರ ಮಡಚಿಟ್ಟು ಕೆಲಸಕ್ಕೆ ಹೋದೆ. ಇಡೀ ದಿನ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಗಂಡಸರು ಬೈದರು.

ನಾನು ಆ ದೋಣಿಯವನ ಜೊತೆ ಹೊರಟುಹೋಗಿ, ಒಂದು ವರ್ಷದ ಮೇಲೆ ಅವನು ಕೈಬಿಟ್ಟು, ಬಸುರಿಯಾಗಿ ಮನೆಗೆ ಬಂದೆನಲ್ಲ. ಬಾಗಿಲಲ್ಲಿ ನಿಂತಿದ್ದೆ. ದಾರಿಯುದ್ದಕ್ಕೂ ನೀವು ಏನೇನು ಬೈಯಬಹುದು, ಅದಕ್ಕೆ ನಾನು ಏನೇನು ಹೇಳಬೇಕು ಎಂದು ಜೋಡಿಸಿಕೊಂಡು ಬಂದಿದ್ದೆ. ನೀವು ತಟ್ಟೆ ಇಟ್ಟಿರಿ. "ಉಣ್ಣು" ಎಂದಿರಿ. ಆ ದಿನವಾಗಲಿ, ಆ ತಿಂಗಳಾಗಲಿ, ಅದರ ಬಗ್ಗೆ ಒಂದು ಮಾತು ಕೇಳಲಿಲ್ಲ. ಊರಿನವರ ಎದುರು ನನ್ನ ಪಕ್ಕದಲ್ಲೇ ಚರ್ಚಿನಲ್ಲಿ ಕೂತಿರಿ. ನಿಮ್ಮ ಕ್ಷಮೆ ಮನೆತುಂಬ ಇತ್ತು. ನನಗೆ ಉಸಿರಾಡಲು ಜಾಗವಿರಲಿಲ್ಲ. ಪ್ರತಿ ಊಟಕ್ಕೂ ನಾನು ಹೆದರಿ ಕೂರುತ್ತಿದ್ದೆ. ಒಬ್ಬ ಮನುಷ್ಯ ಹೀಗಿದ್ದರೆ ದೇವರು ಹೇಗಿರಬೇಕು ಎಂದು ನನಗೆ ತೋರಿಸಿದ್ದು ನೀವೇ. ಅದಕ್ಕೇ ಆ ತಿಂಗಳ ಕೊನೆಗೆ ನಿಮ್ಮನ್ನೂ ದೇವರನ್ನೂ ಬಿಟ್ಟು ಹೋದೆ.

ಬೈದಿದ್ದರೆ ಇದ್ದುಬಿಡುತ್ತಿದ್ದೆ ಅಪ್ಪ.

ಬಸ್ಸಿನ ವಿಷಯ ಮರೆಯಬೇಡಿ.

ಥೋರ್ದಿಸ್


ಸಾಂದ್‌ವಿಕ್
೫ ಮೇ ೧೯೬೩

ಥೋರ್ದಿಸ್,

ನಿನ್ನ ಪತ್ರವನ್ನು ಇಟ್ಟುಕೊಂಡು ನಾಲ್ಕು ದಿನ ಕಳೆದೆ. ನನಗೆ ಬರೆಯುವುದು ಅಭ್ಯಾಸವಿಲ್ಲ. ಬರೆಯದಿದ್ದರೆ ಹಿಂದಿನ ಹಾಗೆಯೇ ಆಗುತ್ತದೆ ಎಂದು ಕುಳಿತಿದ್ದೇನೆ.

ನೀನು ಅದನ್ನು ಕ್ಷಮೆ ಎಂದುಕೊಂಡೆ. ಅಷ್ಟು ದೊಡ್ಡದನ್ನು ನನ್ನ ಲೆಕ್ಕಕ್ಕೆ ಬರೆಯಬೇಡ. ನನಗೆ ನಿನ್ನ ಮೇಲೆ ಸಿಟ್ಟಿತ್ತು. ಸೌದೆ ಒಡೆಯುವ ನೆಪದಲ್ಲಿ ಹೊರಗೆ ಹೋಗಿ ಒಬ್ಬನೇ ಬೈದುಕೊಳ್ಳುತ್ತಿದ್ದೆ. ನಿನ್ನೆದುರು ಬಾಯಿ ಬಿಡಲಿಲ್ಲ, ಏಕೆಂದರೆ ಹೆದರಿದ್ದೆ. ಒಂದು ಮಾತು ಹೆಚ್ಚುಕಡಿಮೆಯಾದರೆ ನೀನು ಮತ್ತೆ ಹೊರಟುಹೋಗುತ್ತೀಯ ಎಂದು ಹೆದರಿದ್ದೆ. ಬಿರುಗಾಳಿಯಲ್ಲಿ ದೋಣಿ ನಡೆಸಿದವನು ನಾನು. ಬಾಗಿಲಲ್ಲಿ ನಿಂತ ಹತ್ತೊಂಬತ್ತು ವರ್ಷದ ಹುಡುಗಿಗೆ ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ. "ಉಣ್ಣು" ಎನ್ನುವುದೊಂದೇ ಅಪಾಯವಿಲ್ಲದ ಮಾತು ಎನ್ನಿಸಿತು. ನೀನು ಮತ್ತೆ ಬಾಗಿಲು ದಾಟಿ ಹೋಗದೆ ಇದ್ದರೆ ಸಾಕಾಗಿತ್ತು. ನೀನು ನನಗೆ ಹೆದರಿ ಊಟಕ್ಕೆ ಕೂರುತ್ತಿದ್ದೆ, ನಾನು ನಿನಗೆ ಹೆದರಿ ಬಡಿಸುತ್ತಿದ್ದೆ. ಆ ಮೇಜಿನ ಮೇಲೆ ಪ್ರೀತಿ ಇರಲಿಲ್ಲವೆಂದು ಮಾತ್ರ ಹೇಳಬೇಡ. ಇಲ್ಲದಿದ್ದರೆ ಅಷ್ಟು ಹೆದರಿಕೆಗೆ ಕಾರಣವೇ ಇರಲಿಲ್ಲ.

ದೇವರಿಗೆ ಅಂಜುವುದೆಂದರೆ ಏನು ಎಂದು ಅಯ್ಯನವರಷ್ಟು ನಾನು ತಿಳಿದವನಲ್ಲ. ಅವನು ನನ್ನ ಹಾಗೆ ಬಾಯಿ ಕಟ್ಟಿಕೊಂಡು ಕುಳಿತವನಲ್ಲ ಎಂದಷ್ಟು ನಂಬಿದ್ದೇನೆ. ರಾನ್ವೇಗ್ ಬಾಗಿಲಿಗೆ ಬಂದು ಕರೆದಳು. ನಾನು ನಿನ್ನನ್ನು ಕರೆಯಲಿಲ್ಲ. ನೀನು ಬಸ್ಸಿಗೆ ಹೋದ ದಿನ ನಾನು ಬಾಗಿಲಲ್ಲೇ ನಿಂತು ನೋಡಿದೆ. ನನ್ನನ್ನು ನೋಡಿ ಅವನು ಹೀಗಿರಬೇಕು ಎಂದುಕೊಂಡಿದ್ದರೆ ಅದನ್ನು ಬಿಟ್ಟುಬಿಡು.

ಲೋವಾಳ ಬಟ್ಟೆ ಕಟ್ಟಿಟ್ಟಿದ್ದೇನೆ. ನೀನು ಮತ್ತೆ ಬರೆದ ದಿನವೇ ಬಸ್ಸಿಗೆ ಹತ್ತಿಸುತ್ತೇನೆ. ಪವಿತ್ರಾತ್ಮನ ಹಬ್ಬದ ಭಾನುವಾರ, ಜೂನ್ ಎರಡಕ್ಕೆ, ಅವಳ ದೃಢೀಕರಣ. ಅಲ್ಲಿಯವರೆಗೆ ಇರುತ್ತೇನೆ ಎನ್ನುತ್ತಾಳೆ. ಅವಳೇ ಬರೆದದ್ದನ್ನು ಇದರ ಜೊತೆ ಇಟ್ಟಿದ್ದೇನೆ. ನೀನು ಬರುವುದಾದರೆ ಬಾ. ಈ ಸಲ ಬಾಯಿಬಿಟ್ಟು ಕರೆಯುತ್ತಿದ್ದೇನೆ.

ಅಪ್ಪ


ಸಾಂದ್‌ವಿಕ್
೫ ಮೇ

ಅಮ್ಮಾ,

ಅಜ್ಜ ನನ್ನ ಬಟ್ಟೆ ಕಟ್ಟಿಟ್ಟಿದ್ದಾನೆ. ನಾನು ಎರಡು ಸಲ ಬಿಚ್ಚಿದೆ. ಅವನು ಎರಡು ಸಲ ಮತ್ತೆ ಕಟ್ಟಿದ. ನೀನು ಹೇಳಿದ ಮೇಲೆ ಆಯಿತಂತೆ.

ಅಜ್ಜ ನನಗೆ ಏನನ್ನೂ ಕಲಿಸಿಲ್ಲ. ನಾನು ಕೇಳಿದಾಗಲೆಲ್ಲ ಅವನು ಮೀನು ಬಿಡಿಸುತ್ತಾನೆ. ನೀನು ನನ್ನ ಪ್ರಶ್ನೆಗೆ ಕೊಟ್ಟ ಉತ್ತರ ತಪ್ಪು ಅಂತ ನನಗೆ ಈಗ ಅನ್ನಿಸುತ್ತದೆ, ಆದರೆ ಸರಿ ಯಾವುದು ಅಂತ ಹೇಳಲು ಬರುವುದಿಲ್ಲ. ರಾನ್ವೇಗ್ ಅಜ್ಜಿಯ ಕೈ ಹಿಡಿದುಕೊಂಡು ಮೆಟ್ಟಿಲು ಇಳಿಸುವಾಗ ನನಗೆ ದಿನವೂ ಹೆದರಿಕೆ ಆಗುತ್ತದೆ.  ಆದರೂ ಬೇರೆ ಯಾರಾದರೂ ಕೈ ಹಿಡಿಯಲು ಬಂದರೆ ನಾನು ಬಿಡುವುದಿಲ್ಲ. ಅಜ್ಜಿ ನನ್ನನ್ನು ನಂಬಿ ಕಾಲು ಇಡುತ್ತಾರೆ ಅಮ್ಮ. ನೋಡದೆ ಇಡುತ್ತಾರೆ.

ನೀನು ಬರಬೇಕು. ದೃಢೀಕರಣಕ್ಕೆ ಹಾಕುವ ಬಿಳಿ ಅಂಗಿ ಪಕ್ಕದೂರಿನ ಹುಡುಗಿಯದು, ತೋಳು ಗಿಡ್ಡ.

ನಿನ್ನ ಲೋವಾ


ಗಣಿ ಶಿಬಿರ
೧೬ ಜೂನ್ ೧೯೬೩

ಅಪ್ಪನಿಗೆ,

ಲೋವಾಳ ದೃಢೀಕರಣ ಮುಗಿಸಿ ಕೆಲಸಕ್ಕೆ ಹಿಂದಿರುಗಿ ವಾರದ ಮೇಲಾಯಿತು. ಸೊಳ್ಳೆ ಶುರುವಾಗಿದೆ. ನಾನಿಲ್ಲದಾಗ ಅಡುಗೆ ಮಾಡಿದವನ ಮೇಲೆ ಗಂಡಸರು ದಂಗೆಯೆದ್ದಿದ್ದರಂತೆ, ನನ್ನನ್ನು ಕಂಡು ಚಪ್ಪಾಳೆ ತಟ್ಟಿದರು.

ಅಲ್ಲಿದ್ದಾಗ ಹೇಳಲಾಗದ್ದನ್ನು ಬರೆಯುತ್ತೇನೆ. ನಮಗಿಬ್ಬರಿಗೂ ಬರೆಯುವುದೇ ಸುಲಭವೆಂದು ಕಾಣುತ್ತದೆ.

ಅಯ್ಯನವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪ್ರಶ್ನೆ ಕೇಳಿದರಲ್ಲ. ಲೋವಾಳ ಸರದಿ ಬಂದಾಗ ಅದೇ ಪ್ರಶ್ನೆ ಕೇಳಿದರು. ಬೇಕೆಂದೇ ಕೇಳಿದರೆಂದು ನನ್ನ ಅನುಮಾನ. ಪ್ರೀತಿಸುವ ದೇವರಿಗೆ ಏಕೆ ಅಂಜಬೇಕು? ಅವಳು ರಾನ್ವೇಗ್ ಕೂತಿದ್ದ ಕಡೆ ತಿರುಗಿ ನೋಡಿದಳು. ಕಂಠಪಾಠ ಮರೆತಳೆಂದು ಎಲ್ಲರೂ ಅಂದುಕೊಂಡರು. ಆಮೇಲೆ, "ಅವನು ನಿಜವಾಗ್ಲೂ ಪ್ರೀತಿಸ್ತಾನಲ್ಲ, ಅದಕ್ಕೆ" ಎಂದಳು. ಅಯ್ಯನವರು ಮುಂದಿನ ಹುಡುಗನ ಕಡೆ ತಿರುಗುವ ಮುನ್ನ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅದನ್ನು ನೋಡಿದೆ. ಆದರೂ ನನ್ನೊಳಗೆ ಏನೂ ಅಲ್ಲಾಡಲಿಲ್ಲ. ನನ್ನ ಮಗಳು ಜಾಣೆ ಎಂದುಕೊಂಡೆ, ಅಷ್ಟೇ.

ಅಲ್ಲಾಡಿದ್ದು ಆಮೇಲೆ. ಪ್ರಭುವಿನ ಮೇಜಿನ ರೊಟ್ಟಿ ದ್ರಾಕ್ಷಾರಸದ ಹೊತ್ತಿಗೆ ಎಲ್ಲರೂ ಎದ್ದು ಮುಂದೆ ಹೋದರು. ಲೋವಾ ರಾನ್ವೇಗ್‌ಳ ಕೈ ಹಿಡಿದು ಹೋದಳು. ನಾನು ಏಳಲಿಲ್ಲ. ಏಳುವುದಿಲ್ಲವೆಂದು ಬಸ್ಸಿನಲ್ಲೇ ತೀರ್ಮಾನಿಸಿದ್ದೆ. ನಮ್ಮ ಸಾಲಿನವರೆಲ್ಲ ನನ್ನ ಮೊಣಕಾಲು ದಾಟಿಕೊಂಡು ಹೋದರು. ನೀವು ಮಾತ್ರ ಕೂತೇ ಇದ್ದಿರಿ.

"ಹೋಗಿ ಅಪ್ಪ" ಎಂದೆ.

"ಇಲ್ಲೇ ಇರ್ತೀನಿ."

"ಮೊಮ್ಮಗಳ ಮೊದಲನೇ ಸಲ. ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ."

ನಾನು ಹುಟ್ಟಿದಾಗಿನಿಂದ ನೀವು ಒಂದು ಸಲವೂ ಆ ಮೇಜಿಗೆ ಹೋಗದೆ ಇದ್ದವರಲ್ಲ. ಅಮ್ಮ ಸತ್ತ ವಾರದಲ್ಲೂ ಹೋಗಿದ್ದಿರಿ. ನನಗೆ ಸಿಟ್ಟು ಬರಬೇಕಿತ್ತು. ಮತ್ತೆ ಅದೇ ಮಾತಿಲ್ಲದ ಹೊರೆ ಹೊರಿಸುತ್ತಿದ್ದಾರೆ ಎನ್ನಿಸಬೇಕಿತ್ತು. ನಾನು ಕಾದೆ, ಬರಲಿಲ್ಲ. ನಿಮ್ಮ ಕಡೆ ತಿರುಗಿ ನೋಡಿದೆ. ನಿಮ್ಮ ಕಣ್ಣು ರೊಟ್ಟಿಯ ತಟ್ಟೆಯ ಮೇಲೆಯೇ ಇತ್ತು. ನಿಮಗೆ ಹಸಿವಾಗಿತ್ತು ಅಪ್ಪ, ಆ ರೊಟ್ಟಿಗೆ. ಅದನ್ನು ನೀವು ಮುಚ್ಚಿಡಲೂ ಇಲ್ಲ. ಹಸಿದುಕೊಂಡು ನನ್ನ ಪಕ್ಕ ಕೂತಿದ್ದಿರಿ.

ಆಗ ನನಗೆ ಆದದ್ದು ಭಯವೇ. ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ.  ಆ ತಿಂಗಳೆಲ್ಲ ನಿಮ್ಮ ಮನೆಯಲ್ಲಿ ಆದ ಹಾಗೆಯೇ ಆಯಿತು. ಆದರೆ ಓಡಬೇಕು ಅನ್ನಿಸಲಿಲ್ಲ. ಬಾಗಿಲು ನಮ್ಮ ಹಿಂದೆಯೇ ತೆರೆದಿತ್ತು. ಹೊರಗೆ ಬಿಸಿಲಿತ್ತು. ಇನ್ನೂ ಸ್ವಲ್ಪ ಹತ್ತಿರ ಸರಿದು ಕೂರಬೇಕು ಅನ್ನಿಸಿತು, ಸರಿದೆ. ನೀವು ಗಮನಿಸಿದಿರೋ ಇಲ್ಲವೋ ಗೊತ್ತಿಲ್ಲ.

ನಾನು ಎದ್ದು ಮುಂದೆ ಹೋಗಲಿಲ್ಲ. ಮುಂದೆ ಎಂದಾದರೂ ಹೋಗುತ್ತೇನೆಂದು ಈ ಪತ್ರದಲ್ಲಿ ಬರೆಯುವುದೂ ಇಲ್ಲ. ಆ ಬೆಂಚಿನ ಮೇಲೆ, ನಿಮ್ಮ ಜೊತೆಗೇ ನಾನು ಬಿಟ್ಟು ಹೋಗಿದ್ದ ಇನ್ನೊಬ್ಬನೂ ಹಸಿದು ಕೂತಿದ್ದ ಎಂದು ನನಗೆ ಅನ್ನಿಸಿತು. ಅದನ್ನು ಮಾತ್ರ ನಿಮಗೆ ಹೇಳಬೇಕಿತ್ತು.

ನಿಮ್ಮ
ಥೋರ್ದಿಸ್